ಆರು ಸಾಲಿನ ಗಾರೆ

ಮಾರ್ಚ್ ಹದಿನಾಲ್ಕು, ಗುರುವಾರ. ಅಂದಿನ ಪತ್ರಿಕೆಯ ಮುಖಪುಟದ ಪ್ರಕಾರ, ಗಡಿಯಾಚೆಯ ಸರ್ಕಾರವು ಎಪ್ಪತ್ತು ದಾಟಿದ ಮುನ್ನೂರ ಹದಿನೇಳು ಮಂದಿಯನ್ನು ಮನೆಗಳಿಂದ ಎತ್ತಿಸಿ, ದವಸ ಉಳಿಸುವ ಸಲುವಾಗಿ ಹಳೆಯ ಉಪ್ಪಿನ ಗಣಿಯೊಂದಕ್ಕೆ ಸಾಗಿಸಿತ್ತು. ಶೀರ್ಷಿಕೆ ಮೂರೇ ಪದದ್ದು: 'ಮುದುಕರಿಗೆ ಉಪ್ಪಿನ ಸಮಾಧಿ'.

ಆ ಮೂರು ಪದಗಳನ್ನು ಜೋಡಿಸಿದವಳು ವಿದೇಶ ಪುಟದ ಉಪಸಂಪಾದಕಿ. ಉದ್ದದ ಸುದ್ದಿಯನ್ನು ಬೇಕಾದ ಅಳತೆಗೆ ಕತ್ತರಿಸುವುದರಲ್ಲಿ ಅವಳದು ಎತ್ತಿದ ಕೈ. ಆದ್ದರಿಂದ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕತ್ತರಿ ಎನ್ನುತ್ತಿದ್ದರು. ಸುದ್ದಿಸಂಸ್ಥೆಯಿಂದ ಬಂದ ಪ್ರತಿಯಲ್ಲಿ 'ಸಾಗಿಸಲಾಗಿದೆ ಎನ್ನಲಾಗಿದೆ' ಎಂದಿತ್ತು. 'ಎನ್ನಲಾಗಿದೆ' ಎಂಬುದು ಅಂಕಣದ ಅಗಲಕ್ಕೆ ಹಿಡಿಸಲಿಲ್ಲ. ಕತ್ತರಿ ಅದನ್ನು ತೆಗೆದುಹಾಕಿದಳು. ಇಪ್ಪತ್ತು ವರ್ಷಗಳಿಂದ ಅವಳು ಹಾಗೆ ತೆಗೆದುಹಾಕಿದ 'ಎನ್ನಲಾಗಿದೆ'ಗಳನ್ನು ಗುಡ್ಡೆಹಾಕಿದರೆ ಒಂದು ಕೋಣೆ ಸಾಲುತ್ತಿರಲಿಲ್ಲ. ಆದರೆ ಅವುಗಳಲ್ಲಿ ಯಾವುದೂ ಈವರೆಗೆ ಅವಳ ಮನೆಯ ಊಟದ ಮೇಜಿಗೆ ಬಂದು ಕುಳಿತಿರಲಿಲ್ಲ.

ಬೆಳಿಗ್ಗೆ ಅವಳು ಎದ್ದು ಬರುವಷ್ಟರಲ್ಲಿ ಅಮ್ಮ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು, ಭೂತಗನ್ನಡಿಯನ್ನು ಒಂದೇ ಸಾಲಿನ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಟೀ ಕೆನೆಗಟ್ಟಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಅಂಕಗಣಿತ ಕಲಿಸಿದ ಹೆಂಗಸು ಆಕೆ. ಪತ್ರಿಕೆಯಲ್ಲಿ ಅಂಕಿ ಕಂಡರೆ ಸಾಕು, ಕೂಡಿಸಿ ಕಳೆದು ನೋಡದೆ ಮುಂದಕ್ಕೆ ಹೋಗುತ್ತಿರಲಿಲ್ಲ.

"ಇದನ್ನ ಬರೆದದ್ದು ನೀನಾ?"

"ತರ್ಜುಮೆ ಮಾಡಿದ್ದು ನಾನು. ಬರೆದದ್ದು ಸುದ್ದಿಸಂಸ್ಥೆಯವರು."

"ಮುನ್ನೂರ ಹದಿನೇಳು. ಎಣಿಸಿದವರು ಯಾರು?"

"ಅಂದ್ರೆ?"

"ಮುನ್ನೂರು ಅಂತಿದ್ರೆ ಯಾರೋ ಅಂದಾಜಿಗೆ ಹೇಳಿದಾರೆ ಅಂದ್ಕೊಂಡು ಸುಮ್ಮನಿರ್ತಿದ್ದೆ. ಇದರಲ್ಲಿ ಮೇಲೆ ಹದಿನೇಳು ಇದೆ. ಅಂದ್ರೆ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಎಣಿಸಿದಾನೆ. ಎಣಿಸಿದವನಿಗೆ ಮುಖಗಳೂ ಗೊತ್ತಿರ್ಬೇಕು. ಅವನನ್ನ ಹಿಡಿದು ಕೇಳು, ಅದರಲ್ಲಿ ನನ್ನ ತಂಗಿ ಇದಾಳಾ ಅಂತ."

ಅಮ್ಮನ ತಂಗಿ, ಎಂದರೆ ಕತ್ತರಿಯ ಚಿಕ್ಕಮ್ಮ, ಮದುವೆಯಾಗಿ ಹೋದದ್ದು ಗಡಿಯಾಚೆಗೆ. ಆಗ ಗಡಿಯೆಂದರೆ ಒಂದು ಬಣ್ಣ ಬಳಿದ ಕಂಬ ಮಾತ್ರ. ಆಮೇಲೆ ಮುಳ್ಳುತಂತಿ ಬಂತು, ಗೇಟು ಬಂತು, ಫೋನು ನಿಂತಿತು. ಕಾಗದ ಹಾಕಿದರೆ ಮೂರನೆಯ ದೇಶವೊಂದನ್ನು ಸುತ್ತಿ ತಲುಪಲು ಎರಡು ಮೂರು ತಿಂಗಳು ಹಿಡಿಯುತ್ತಿತ್ತು. ಕೊನೆಯ ಕಾಗದ ಬಂದದ್ದು ಅಕ್ಟೋಬರಿನಲ್ಲಿ. ರಕ್ತಸಂಬಂಧಿಗಳಿಗೆಂದು ಗೇಟನ್ನು ವರ್ಷಕ್ಕೊಮ್ಮೆ ತೆರೆಯುತ್ತಿದ್ದರು. ಅಮ್ಮನ ಸರದಿ ಬರಲು ಒಂಬತ್ತು ವರ್ಷ ಬೇಕಾಗಿತ್ತು. ಪರವಾನಗಿಯ ಪ್ರಕಾರ ಅವಳು ಇದೇ ಇಪ್ಪತ್ತಾರಕ್ಕೆ ಗೇಟು ದಾಟಬೇಕು. ಆ ದಿನ ತಪ್ಪಿದರೆ ಮತ್ತೆ ಮೊದಲಿನಿಂದ ಸರದಿ. ಅಮ್ಮನಿಗೆ ಎಪ್ಪತ್ತಾರು, ಚಿಕ್ಕಮ್ಮನಿಗೆ ಎಪ್ಪತ್ತೆರಡು. ಇನ್ನೊಂದು ಒಂಬತ್ತು ವರ್ಷವನ್ನು ಇಬ್ಬರಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

ಹತ್ತು ಗಂಟೆಗೆ ಬೇರೆ ಊರಿನಲ್ಲಿದ್ದ ಅಣ್ಣ ಫೋನು ಮಾಡಿದ.

"ಅಮ್ಮನ್ನ ಕಳಿಸೋ ಮಾತು ಬಿಡು. ಎಪ್ಪತ್ತು ದಾಟಿದವರನ್ನ ಎತ್ಕೊಂಡು ಹೋಗ್ತಿದಾರೆ ಅಂತ ನಿನ್ನ ಪೇಪರ್‌ನಲ್ಲೇ ಬಂದಿದೆ. ಗೊತ್ತಿದ್ದೂ ಗೊತ್ತಿದ್ದೂ ಬಾವಿಗೆ ತಳ್ತೀಯಾ?"

"ಇನ್ನೂ ವಿಚಾರಿಸ್ತಿದೀನಿ ಅಣ್ಣ."

"ಛಾಪಿಸಿದ ಮೇಲೆ ವಿಚಾರಿಸೋದಾ? ಭೇಷ್!"

ಅಮ್ಮ ಈ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ, ಒಳಗೆ ಹೋಗಿ ವಾರದ ಹಿಂದೆಯೇ ತುಂಬಿಟ್ಟಿದ್ದ ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ಹಾಕತೊಡಗಿದಳು. ತಂಗಿಗೆಂದು ತಾನೇ ಹೆಣೆದ ಬೂದು ಬಣ್ಣದ ಉಣ್ಣೆಯ ಶಾಲನ್ನು ಮಾತ್ರ ಮಡಿಲಲ್ಲಿಟ್ಟುಕೊಂಡಳು.

"ಅವಳೇ ಇಲ್ಲದ ಊರಿಗೆ ನಾನು ಯಾಕೆ ಹೋಗ್ಲಿ? ಗಣಿ ನೋಡ್ಕೊಂಡು ಬರೋಕಾ?" ಎಂದಳು. ಚೀಲವನ್ನು ಬರಿದು ಮಾಡಿದರೂ ಅದರ ಬಾಯಿ ಮುಚ್ಚಲಿಲ್ಲ.

ಕತ್ತರಿ ಆ ಹೊತ್ತು ಒಂದು ವಿಚಿತ್ರವನ್ನು ತನ್ನಲ್ಲೇ ಕಂಡಳು. ಆ ಸುದ್ದಿಯನ್ನು ಅಕ್ಷರ ಅಕ್ಷರವಾಗಿ ತರ್ಜುಮೆ ಮಾಡಿದವಳು ತಾನು. ಆದರೂ ಅದು ನಿಜವೋ ಅಲ್ಲವೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಗಡಿಯಾಚೆಯ ಸುದ್ದಿಯನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ಅದು ಕೆಟ್ಟದ್ದಾಗಿದ್ದರೆ ಸಾಕಿತ್ತು.

*

ಪತ್ರಿಕೆಯ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಉದ್ದನೆಯ ಒಂದೇ ಕೋಣೆ. ಒಂದು ಕೊನೆಯಲ್ಲಿ ಸುದ್ದಿ ಸಂಪಾದಕರ ಗಾಜಿನ ಗೂಡು, ಇನ್ನೊಂದು ಕೊನೆಯಲ್ಲಿ ಪುಟ ಕಟ್ಟುವವರ ಮೇಜುಗಳು. ಸುದ್ದಿ ಸಂಪಾದಕರು ಯಾರೊಡನೆ ಮಾತಾಡಿದರೂ ಎದುರಿನವರ ತಲೆಯ ಮೇಲಿನ ಗೋಡೆ ಗಡಿಯಾರವನ್ನು ನೋಡುತ್ತಲೇ ಮಾತಾಡುತ್ತಿದ್ದರು; ಬೆನ್ನ ಹಿಂದೆ ಅವರ ಹೆಸರೇ ಗಡಿಯಾರ. ಪುಟ ಕಟ್ಟುವವರಲ್ಲಿ ಹಿರಿಯನ ಹೆಸರು ಗಾರೆ. ಅಂಕಣದ ಕೆಳಗೆ ನಾಲ್ಕೋ ಆರೋ ಸಾಲಿನಷ್ಟು ಜಾಗ ಉಳಿದಾಗ ಅಲ್ಲಿ ತುಂಬುವ ಚಿಲ್ಲರೆ ಸುದ್ದಿಗೂ ಆ ಕಚೇರಿಯಲ್ಲಿ ಗಾರೆ ಎಂದೇ ಹೆಸರು, ಇಟ್ಟಿಗೆಗಳ ನಡುವಿನ ಸಂದಿಯನ್ನು ಮುಚ್ಚುವಂಥದ್ದು. ಈ ಹಿರಿಯ ಆ ಕೆಲಸದಲ್ಲಿ ಪಳಗಿದ ಕೈ.

ಕತ್ತರಿ ಮೊದಲು ಸುದ್ದಿಸಂಸ್ಥೆಗೆ ಫೋನು ಮಾಡಿದಳು. ಅತ್ತಲಿನ ಮನುಷ್ಯ ಏನನ್ನೋ ಅಗಿಯುತ್ತಲೇ ಉತ್ತರಿಸಿದ.

"ಮೂಲವಾ? ಸಾಗರದಾಚೆಯ ಒಂದು ವಾರಪತ್ರಿಕೆ. ಹೆಸರಾಂತ ಪತ್ರಿಕೆ ಮೇಡಂ. ಅವರು ತಪ್ಪು ಬರೀತಾರಾ?"

"ಮುನ್ನೂರ ಹದಿನೇಳನ್ನ ಎಣಿಸಿದವರು ಯಾರು ಅಂತ ಕೇಳಿದ್ರಾ?"

ಅಗಿಯುವುದು ನಿಂತಿತು. "ನಲವತ್ತೊಂದು ಪತ್ರಿಕೆಗಳು ಈ ಸುದ್ದಿ ತಗೊಂಡಿವೆ ಮೇಡಂ. ಅದನ್ನ ಕೇಳಿದವರು ನೀವೊಬ್ರೇ."

ವಾರಪತ್ರಿಕೆಯ ವರದಿಗಾರನಿಗೆ ಬರೆದಳು. ಮಾರನೆಯ ದಿನ ವಿನಯ ತುಂಬಿದ ಉತ್ತರ ಬಂತು: ವಿಷಯವನ್ನು ಒದಗಿಸಿದವರು ನಿಮ್ಮದೇ ನಗರದ ಗಡಿ ಅಧ್ಯಯನ ಕೇಂದ್ರದ ತಜ್ಞರು, ಇಷ್ಟು ಹತ್ತಿರದಲ್ಲಿದ್ದು ನನ್ನನ್ನೇಕೆ ಕೇಳುತ್ತಿದ್ದೀರಿ? ಸಾಗರ ದಾಟಿ ಹೋಗಿದ್ದ ಸುದ್ದಿ ಅವಳ ಕಚೇರಿಯಿಂದ ನಾಲ್ಕು ಬಸ್ ನಿಲ್ದಾಣಗಳ ದೂರಕ್ಕೆ ಹಿಂದಿರುಗಿತ್ತು. ಕತ್ತರಿಗೆ ಭಯವಿದ್ದದ್ದು ಹೌದು. ಆದರೆ ಅದರ ಜೊತೆಗೆ, ಬಿಡಿಸಲಾಗದ ಲೆಕ್ಕವೊಂದು ತುದಿ ತೋರಿಸಿದಾಗಿನ ಹುರುಪೂ ಸೇರಿಕೊಂಡಿತು. ಅಮ್ಮನ ಮಗಳಲ್ಲವೇ.

ಅಷ್ಟರಲ್ಲಿ ಟಿವಿಯವರು ಕೆಂಪು ಅಂಕಿಗಳಲ್ಲಿ ಮುನ್ನೂರ ಹದಿನೇಳನ್ನು ಪರದೆಯಗಲ ಬರೆದು ಸಂಜೆಯ ಚರ್ಚೆ ಶುರುಮಾಡಿದ್ದರು. ಗಡಿಯಾಚೆಯ ಸರ್ಕಾರ ಒಂದು ಸಾಲಿನ ನಿರಾಕರಣೆ ಕಳಿಸಿತ್ತು. ಗಡಿಯಾರ ಅದನ್ನು ಕತ್ತರಿಯ ಮೇಜಿನ ಮೇಲೆ ಬಡಿದರು.

"ನೋಡಮ್ಮ, ನಿರಾಕರಿಸಿದಾರೆ! ಸುಳ್ಳಾಗಿದ್ರೆ ಯಾಕೆ ನಿರಾಕರಿಸ್ತಿದ್ರು?"

"ನಿರಾಕರಿಸದೆ ಇದ್ದಿದ್ರೆ ಸರ್?"

"ಒಪ್ಕೊಂಡ ಹಾಗೆ ಅಲ್ವಾ."

"ಹಾಗಾದ್ರೆ ಅವರು ಏನು ಮಾಡಿದ್ರೆ ಸುಳ್ಳು ಅಂತ ಆಗುತ್ತೆ?"

ಗಡಿಯಾರ ಗೋಡೆಯನ್ನು ನೋಡಿದರು. "ಆರೂವರೆ ಆಯ್ತು. ಪುಟ ಬಿಡಮ್ಮ."

*

ಗಡಿ ಅಧ್ಯಯನ ಕೇಂದ್ರವು ಕನ್ನಡಕದ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ. ಉಳಿದದ್ದೆಲ್ಲ ಚಪ್ಪಲಿ ಬೂಟುಗಳ ಖಾಲಿ ಪೆಟ್ಟಿಗೆಗಳು, ಸೂರಿನವರೆಗೆ. ಪ್ರತಿ ಪೆಟ್ಟಿಗೆಯ ಮೇಲೂ ದಪ್ಪಕ್ಷರದ ಚೀಟಿ: ಗೋಧಿ, ಸೈನ್ಯ, ಕ್ಷೌರ, ನಾಯಿಗಳು, ವೃದ್ಧರು. ತಜ್ಞರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಟಿವಿಯವರ ಕಾರು ಯಾವ ಕ್ಷಣದಲ್ಲಾದರೂ ಬಂದೀತೆಂಬ ಠೀವಿಯಲ್ಲಿ ಕುಳಿತಿದ್ದರು.

"ತಾವು ಅಲ್ಲಿಗೆ ಎಷ್ಟು ಸಲ ಹೋಗಿ ಬಂದಿದೀರಿ ಸರ್?" ಕತ್ತರಿ ಕೇಳಿದಳು.

"ಒಂದು ಸಲವೂ ಇಲ್ಲ." ಇದನ್ನು ಅವರು ಹೆಮ್ಮೆಯಿಂದಲೇ ಹೇಳಿದರು. "ಹೋದವರು ಏನು ಹೇಳ್ತಾರೆ? ರಸ್ತೆ ಚೆನ್ನಾಗಿದೆ, ಜನ ಟೀ ಕೊಟ್ರು ಅಂತಾರೆ. ಹೋದ್ರೆ ಕಣ್ಣು ಮಂಜಾಗುತ್ತಮ್ಮ. ನಾನು ದೂರದಿಂದ ನೋಡ್ತೀನಿ. ನಲವತ್ತು ವರ್ಷದ ಸಾಧನೆ ಇದು."

ಕೆಳಗೆ ಕನ್ನಡಕ ಮಾರುವವನು ಯಾರಿಗೋ ಅಕ್ಷರಗಳನ್ನು ಓದಿಸುತ್ತಿದ್ದ ದನಿ ನೆಲದ ಹಲಗೆಗಳ ಮೂಲಕ ಬರುತ್ತಿತ್ತು.

"ಆ ಮುನ್ನೂರ ಹದಿನೇಳು ಜನ, ಆ ಲೆಕ್ಕ ತಮಗೆ ಸಿಕ್ಕಿದ್ದು ಎಲ್ಲಿಂದ?"

"ಮುದ್ರಿತ ದಾಖಲೆ ಇಲ್ಲದೆ ನಾನು ಬಾಯಿ ಬಿಡಲ್ಲ." ತಜ್ಞರು ಕುರ್ಚಿ ಹತ್ತಿ 'ವೃದ್ಧರು' ಪೆಟ್ಟಿಗೆಯನ್ನು ಇಳಿಸಿ, ಹೆಬ್ಬೆರಳಗಲದ ಕಾಗದದ ತುಂಡೊಂದನ್ನು ಇಕ್ಕುಳದಿಂದ ಎತ್ತಿ ಅವಳ ಮುಂದಿಟ್ಟರು.

ಆರು ಸಾಲು. ಗಡಿಯಾಚೆಯ ಪಟ್ಟಣವೊಂದರಲ್ಲಿ ವೃದ್ಧಾಶ್ರಮದ ಸೂರು ಸೋರುತ್ತಿರುವ ಕಾರಣ ಅಲ್ಲಿನ 317 ಮಂದಿ ನಿವಾಸಿಗಳನ್ನು ದುರಸ್ತಿ ಮುಗಿಯುವವರೆಗೆ ಹತ್ತಿರದ ಉಪ್ಪಿನ ಗೋದಾಮಿಗೆ ಸ್ಥಳಾಂತರಿಸಲಾಗಿದೆ ಎಂದು ವರದಿಯಾಗಿದೆ.

"ಇದರಲ್ಲಿ ಗೋದಾಮು ಅಂತಿದೆಯಲ್ಲ ಸರ್. ಗಣಿ ಎಲ್ಲಿ ಬಂತು?"

"ಉಪ್ಪು ಎಲ್ಲಿಂದ ಬರುತ್ತೆ ಹೇಳಿ?"

"ಸಮುದ್ರದಿಂದಲೂ ಬರುತ್ತೆ."

"ಆ ದೇಶಕ್ಕೆ ಸಮುದ್ರ ಇಲ್ಲ!" ತಜ್ಞರು ಮೇಜು ಕುಟ್ಟಿದರು. "ಅಂದ ಮೇಲೆ ಗಣಿ. ಇನ್ನು, ಸೂರು ಸೋರ್ತಿತ್ತಂತೆ. ಆ ಸರ್ಕಾರ ಮುದುಕರ ಸೂರಿಗೆ ತಲೆ ಕೆಡಿಸ್ಕೊಳ್ಳುತ್ತಾ? ಇಲ್ಲ. ಅಂದ ಮೇಲೆ ಕಾರಣ ಬೇರೆ. ದವಸ. ದುರಸ್ತಿ ಮುಗಿಯೋವರೆಗೆ ಅಂತೆ. ಮುಗಿಯುತ್ತಾ? ಇಲ್ಲ. ಇದನ್ನ ವಿಶ್ಲೇಷಣೆ ಅಂತಾರಮ್ಮ. ಸುಮ್ಮನೆ ಬರಲ್ಲ."

ಕತ್ತರಿ ಆ ತುಂಡನ್ನು ಕಣ್ಣಿಗೆ ಹತ್ತಿರ ಹಿಡಿದಳು. ಆರನೆಯ ಸಾಲಿನ ಕೆಳಗೆ ಕೊಡೆಯ ಜಾಹೀರಾತಿನ ಅರ್ಧ ಹಿಡಿಕೆ. ಆ ಕೊಡೆಯನ್ನು ಅವಳು ಬಲ್ಲಳು; ಆ ಅಕ್ಷರದ ಅಚ್ಚನ್ನೂ ಬಲ್ಲಳು. ಕೇಳದೆ ಎದ್ದುಬಿಡಬಹುದಿತ್ತು. ಆದರೂ ಕೇಳಿದಳು.

"ಇದು ಯಾವ ಪತ್ರಿಕೆ ಸರ್?"

ತಜ್ಞರು ಅವಳನ್ನು ಮರುಕದಿಂದ ನೋಡಿದರು. "ನಿಮ್ಮದೇ ಅಲ್ವಾಮ್ಮ! ಕಳೆದ ನವೆಂಬರಿನದ್ದು. ನಾನು ನಿಮ್ಮ ಪತ್ರಿಕೆ ಬಿಟ್ಟು ಇನ್ಯಾವುದನ್ನೂ ನಂಬಲ್ಲ."

*

ಗಾರೆ ತನ್ನ ಮೇಜಿನ ಮೇಲೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಅಲ್ಲಿಯೂ ಅವನಿಗೆ ಮೂಲೆ ಮೂಲೆಗೂ ಸಮನಾಗಿ ತುಂಬಬೇಕು. ಕತ್ತರಿ ಕುರ್ಚಿ ಎಳೆದುಕೊಂಡು ಕುಳಿತಳು.

"ಮಾವ, ನವೆಂಬರಿನಲ್ಲಿ ಒಂದು ವೃದ್ಧಾಶ್ರಮದ ಸೂರು ಸೋರಿತ್ತು. ನೆನಪಿದೆಯಾ?"

"ಯಾವ ಊರಿಂದು ತಾಯಿ?"

"ಅದನ್ನ ನೀವೇ ಹೇಳ್ಬೇಕು."

ಗಾರೆ ಬೆಣ್ಣೆ ಸವರುವುದನ್ನು ನಿಲ್ಲಿಸಿ ಸೂರು ನೋಡಿದ, ಸೋರುತ್ತಿದೆಯೋ ಎಂಬಂತೆ. ಆಮೇಲೆ ಅವನ ಮುಖ ಅರಳಿತು. "ಓ! ಕೊಡೆ ಜಾಹೀರಾತು! ಮೂರು ಅಂಗುಲ ಅಂತ ಹೇಳಿ ಎರಡೇ ಅಂಗುಲ ಕಳಿಸಿದ್ರು ನೋಡು. ಉಳಿದ ಪುಟಗಳೆಲ್ಲ ಆಗಲೇ ಅಚ್ಚಿಗೆ ಹೋಗಿದ್ವು. ಕೊಡೆ ಇದ್ದ ಪುಟದಲ್ಲಿ ಆರು ಸಾಲು ಬಿರುಕು. ಕೊಡೆ ನೋಡ್ತಾ ನೋಡ್ತಾ ಮಳೆ ನೆನಪಾಯ್ತು, ಮಳೆಯಿಂದ ಸೂರು, ಸೂರಿನಿಂದ ವೃದ್ಧಾಶ್ರಮ. ಎರಡು ನಿಮಿಷದ ಕೆಲಸ."

"ಅಂದ್ರೆ ಆ ವೃದ್ಧಾಶ್ರಮ..."

"ಎಲ್ಲಿದೆ ತಾಯಿ? ಗಾರೆಯಲ್ಲಿ ಯಾರಾದ್ರೂ ವಾಸ ಮಾಡ್ತಾರಾ?"

"ಸುಳ್ಳೇ ಬರೀಬೇಕಾಗಿದ್ರೆ ಯಾವುದಾದ್ರೂ ನಮ್ಮ ಊರಿನದ್ದು ಬರೀಬಹುದಿತ್ತಲ್ಲ?"

"ಅಯ್ಯೋ, ಇಷ್ಟು ವರ್ಷ ಇಲ್ಲಿದ್ದೂ ಗೊತ್ತಿಲ್ವಾ?" ಗಾರೆ ದನಿ ತಗ್ಗಿಸಿದ. "ನಾನು ಕೆಲಸಕ್ಕೆ ಸೇರಿದಾಗ ಹಿರಿಯರು ಮೊದಲು ಕಲಿಸಿದ ಪಾಠವೇ ಅದು. ಗಾರೆ ಯಾವಾಗಲೂ ಗಡಿಯಾಚೆಯದ್ದಾಗಿರ್ಬೇಕು. ನಮ್ಮ ಊರಿನದ್ದು ಬರೆದ್ರೆ ಬೆಳಿಗ್ಗೆ ಆ ಊರಿನವನು ಬಂದು ಕೊರಳಪಟ್ಟಿ ಹಿಡೀತಾನೆ. ಅಲ್ಲಿಂದ ಯಾರು ಬರ್ತಾರೆ? ಒಂದು ಕಾಗದ ಕೂಡ ಬರಲ್ಲ."

ಕತ್ತರಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಮತ್ತೊಂದು ಪ್ರಶ್ನೆ. "ಮುನ್ನೂರ ಹದಿನೇಳು ಯಾಕೆ?"

"ಅದರಲ್ಲೇ ಇರೋದು ಕಸಬು. ಮುನ್ನೂರು ಅಂದ್ರೆ ಬುರುಡೆ ಅಂತ ಮಕ್ಕಳಿಗೂ ಗೊತ್ತಾಗುತ್ತೆ. ಬಿಡಿ ಸಂಖ್ಯೆ ಹಾಕಿದ್ರೆ ಯಾರೋ ಪಾಪ ಕೂತು ಎಣಿಸಿದಾನೆ ಅನ್ಸುತ್ತೆ. ನಾನು ಯಾವಾಗಲೂ ಅದೇ ಹಾಕೋದು. ನನ್ನ ಸ್ಕೂಟರ್ ನಂಬರು."

ಕಿಟಕಿಯ ಕೆಳಗೆ, ಸೈಕಲ್ಲುಗಳ ಸಾಲಿನ ಕೊನೆಯಲ್ಲಿ ಹಸಿರು ಸ್ಕೂಟರು ನಿಂತಿತ್ತು. ಫಲಕದ ಮೇಲಿನ ಕೊನೆಯ ಮೂರು ಅಂಕಿಗಳನ್ನು ಎರಡನೆಯ ಮಹಡಿಯಿಂದಲೂ ಓದಬಹುದಾಗಿತ್ತು. ಬಾಗಿಲಲ್ಲಿ ನಿಂತು ಎಣಿಸಿದ ಆ ಮನುಷ್ಯ, ಅಮ್ಮ ಹುಡುಕಿಸುತ್ತಿದ್ದ ಆ ಮನುಷ್ಯ, ಎಲ್ಲಿಯೂ ಇರಲಿಲ್ಲ.

ಮುಖಪುಟದ ಸುದ್ದಿಯೂ ತನ್ನ ಆರು ಸಾಲೂ ಒಂದೇ ಎಂದು ಗಾರೆಗೆ ತಿಳಿದಿರಲಿಲ್ಲ. ಅವನು ಪುಟಗಳನ್ನು ಕಟ್ಟುತ್ತಿದ್ದನೇ ಹೊರತು ಓದುತ್ತಿರಲಿಲ್ಲ. ಕತ್ತರಿ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಅವನು ಬ್ರೆಡ್ಡನ್ನು ಹಾಗೆಯೇ ಕಾಗದದಲ್ಲಿ ಸುತ್ತಿಟ್ಟ.

"ನಿಮ್ಮಮ್ಮ ಊಟ ಮಾಡ್ತಿದಾರಾ?" ಎಂದು ಕೇಳಿದ.

"ಅರ್ಧಂಬರ್ಧ."

"ನನ್ನ ಸ್ಕೂಟರ್ ಸುಡ್ತೀನಿ ತಾಯಿ."

"ಸ್ಕೂಟರ್ ಏನು ಮಾಡಿತ್ತು ಮಾವ? 'ವರದಿಯಾಗಿದೆ' ಅಂತ ಹಾಕಿದವರು ನೀವು, 'ಎನ್ನಲಾಗಿದೆ' ಅನ್ನೋದನ್ನ ತೆಗೆದವಳು ನಾನು."

*

ಗಡಿಯಾರ ಎಲ್ಲವನ್ನೂ ಕೇಳಿದರು. ಅವರು ದಡ್ಡರಲ್ಲ, ಕೆಟ್ಟವರೂ ಅಲ್ಲ. ಮೊದಲ ಬಾರಿಗೆ ಅವರ ಕಣ್ಣು ಗೋಡೆಯಿಂದ ಇಳಿದು ಅವಳ ಮುಖದ ಮೇಲೆ ನಿಂತಿತು.

"ತಿದ್ದುಪಡಿ ಹಾಕ್ಬೇಕು ಸರ್. ಅದೇ ಜಾಗದಲ್ಲಿ, ಅಷ್ಟೇ ದೊಡ್ಡದಾಗಿ."

"ಯಾರ ಪರವಾಗಿ? ಅವರ ಪರವಾಗಿ?"

"ಸುಳ್ಳು ಅಂತ ಗೊತ್ತಾಯ್ತಲ್ಲ ಸರ್."

"ನನಗೆ ಗೊತ್ತಾಯ್ತು. ನಾಳೆ ಬೆಳಿಗ್ಗೆ ಈ ಕಿಟಕಿಗಳಿಗೆ ಕಲ್ಲು ಹೊಡೆಯೋಕೆ ಬರೋರಿಗೆ ಗೊತ್ತಿರುತ್ತಾ? ನಲವತ್ತೊಂದು ಪತ್ರಿಕೆ ಹೌದು ಅಂದಾಗ ನಾವೊಬ್ರು ಅಲ್ಲ ಅಂದ್ರೆ ನಮ್ಮನ್ನ ಏನಂತಾರೆ ಗೊತ್ತಾ?"

"ಆ ನಲವತ್ತೊಂದೂ ನಮ್ಮಿಂದಲೇ ತಗೊಂಡಿದ್ದು ಸರ್."

"ಅದಕ್ಕೇ ಹೇಳೋದು ನಾವು ಸುಮ್ಮನಿರ್ಬೇಕು ಅಂತ." ಅವರು ಮೇಜಿನ ಮೇಲಿನ ಗುಂಡುಸೂಜಿಗಳನ್ನು ಒಂದೆಡೆ ಕೂಡಿಸಿದರು. "ಅಮ್ಮನಿಗೆ ಹೇಳು, ಧೈರ್ಯವಾಗಿ ಹೋಗಿ ಬರಲಿ ಅಂತ. ಆದ್ರೆ ಪತ್ರಿಕೆಯಲ್ಲಿ ಒಂದಕ್ಷರ ಇಲ್ಲ."

ಇಪ್ಪತ್ತಾರಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ಅಂದು ಸಂಜೆ ಕತ್ತರಿ ಅಮ್ಮನ ಮಂಚದ ತುದಿಯಲ್ಲಿ ಕುಳಿತು ಹೇಳಿದಳು: ಸುದ್ದಿಸಂಸ್ಥೆ, ವಾರಪತ್ರಿಕೆ, ಬೂಟಿನ ಪೆಟ್ಟಿಗೆ, ಕೊಡೆ, ಸ್ಕೂಟರು. ಹಂತ ಬಿಡದೆ ಲೆಕ್ಕ ಒಪ್ಪಿಸುವ ಮಗುವಿನ ಮಾತಿನಂತೆ ಅಮ್ಮ ಅದನ್ನು ಕೇಳಿಸಿಕೊಂಡಳು.

"ಅಂದ್ರೆ ಪತ್ರಿಕೆಯ ಪ್ರಕಾರ ಅವಳಿಗೇನೂ ಆಗಿಲ್ಲ."

"ಏನೂ ಆಗಿಲ್ಲ ಅಂತ ನಾನು ಹೇಗೆ ಹೇಳ್ಲಿ ಅಮ್ಮ? ಆಗಿದೆ ಅನ್ನೋದಕ್ಕೆ ಆಧಾರ ಇಲ್ಲ, ಅಷ್ಟೇ."

"ಅಷ್ಟು ಸಾಕು. ಉಳಿದದ್ದನ್ನ ಹೋಗಿ ನೋಡ್ತೀನಿ." ಅಮ್ಮ ಎದ್ದು ಕಪಾಟು ತೆರೆದಳು. ಬಟ್ಟೆಗಳು ಮತ್ತೆ ಒಂದೊಂದಾಗಿ ಚೀಲ ಸೇರಿದವು. ಎಲ್ಲಕ್ಕಿಂತ ಮೇಲೆ ಶಾಲು. "ನಿನ್ನ ಅಣ್ಣನಿಗೆ ನೀನೇ ಹೇಳ್ಕೋ. ಅವನು ಪತ್ರಿಕೆ ಓದೋನು, ಅವನಿಗೆ ಅರ್ಥ ಆಗೋದು ಕಷ್ಟ."

"ಅಮ್ಮ, ನಿಂಗೆ ಭಯ ಇಲ್ವಾ?"

"ಇದೆ. ಅವಳು ಇದ್ದು, ನಾನು ಹೋಗದೆ ಉಳಿದ್ರೆ ಅನ್ನೋ ಭಯ ಅದಕ್ಕಿಂತ ಜಾಸ್ತಿ ಇದೆ." ಚೀಲದ ಬಾಯಿ ಕಟ್ಟುತ್ತ ಅವಳು ತಲೆಯೆತ್ತಿದಳು. "ಮತ್ತೆ, ನಾನು ಬರೋಷ್ಟರಲ್ಲಿ ನೀನು ಅದನ್ನ ತಿದ್ದಿರ್ಬೇಕು. ಅವಳು ಸಿಕ್ಕಿದ್ರೆ ಏನಂತ ಹೇಳ್ಲಿ? ನನ್ನ ಮಗಳು ನಿನ್ನನ್ನ ಗಣಿಗೆ ಹಾಕಿದ್ಲು, ಇನ್ನೂ ತೆಗೆದಿಲ್ಲ ಅಂತಲಾ?"

*

ಇಪ್ಪತ್ತಾರರ ಬೆಳಿಗ್ಗೆ ಅಮ್ಮ ಗೇಟು ದಾಟಿದಳು. ಈಚೆಯ ಕಾವಲುಗಾರ ಚೀಲ ತಡಕಿದ, ಹತ್ತು ಹೆಜ್ಜೆಯಾಚೆ ಆಚೆಯ ಕಾವಲುಗಾರ ಅದೇ ಚೀಲವನ್ನು ಅದೇ ಗತ್ತಿನಿಂದ ತಡಕಿದ. ಆಮೇಲೆ ಬೂದು ಬಸ್ಸೊಂದು ಅವಳನ್ನು ಕರೆದುಕೊಂಡು ಹೋಯಿತು. ಪರವಾನಗಿಯ ಐದು ದಿನ ಅಲ್ಲಿಂದ ಯಾವ ಸುದ್ದಿಯೂ ಬರುವಂತಿರಲಿಲ್ಲ. ಕತ್ತರಿಗೆ ಮೊದಲ ಬಾರಿಗೆ ಸುದ್ದಿ ಇಲ್ಲದಿರುವುದೆಂದರೇನೆಂದು ತಿಳಿಯಿತು.

ಮೂರನೆಯ ದಿನದ ಸಂಜೆ ಗಾರೆ ಅವಳ ಮೇಜಿನ ಬಳಿ ಬಂದು, ಕೈಯೊರೆಸಿಕೊಳ್ಳುತ್ತ ನಿಂತ.

"ತಾಯಿ, ನಾಲ್ಕನೇ ಪುಟದಲ್ಲಿ ಬಿರುಕು ಬಿದ್ದಿದೆ."

"ಎಷ್ಟು ಸಾಲು?"

"ಆರು."

"ಹೇಗೆ ಬಿತ್ತು?"

"ನಾನೇ ಬೀಳಿಸ್ದೆ. ಹವಾಮಾನದ ಸುದ್ದಿ ಸ್ವಲ್ಪ ಎಳೆದು ಕಟ್ಟಿದ್ದೆ, ಬಿಟ್ಬಿಟ್ಟೆ." ಅವನು ಗಾಜಿನ ಗೂಡಿನ ಕಡೆ ಕಣ್ಣು ಹಾಯಿಸಿದ. "ಗಡಿಯಾರ ಮುಖಪುಟ ಓದುತ್ತೆ, ಶೀರ್ಷಿಕೆಗಳನ್ನ ಓದುತ್ತೆ. ಗಾರೆ ಓದಲ್ಲ. ಈ ಮೂವತ್ತೈದು ವರ್ಷದಲ್ಲಿ ಯಾರೂ ಓದಿಲ್ಲ."

ಕತ್ತರಿ ಬರೆದಳು. ಜೀವಮಾನದಲ್ಲಿ ಅವಳು ಒಂದು ಪದವನ್ನೂ ಕತ್ತರಿಸಬೇಕಾಗಿ ಬಾರದ ಸುದ್ದಿ ಅದೊಂದೇ: ಮಾರ್ಚ್ ಹದಿನಾಲ್ಕರಂದು ಈ ಪತ್ರಿಕೆಯಲ್ಲಿ ಪ್ರಕಟವಾದ, ಗಡಿಯಾಚೆ ವೃದ್ಧರನ್ನು ಉಪ್ಪಿನ ಗಣಿಗೆ ಸಾಗಿಸಿದ ಸುದ್ದಿಗೆ ಆಧಾರವಿಲ್ಲ. ಅದು ಇದೇ ಪತ್ರಿಕೆಯಲ್ಲಿ ನವೆಂಬರಿನಲ್ಲಿ ಬಂದ ಕಲ್ಪಿತ ಸುದ್ದಿಯಿಂದ ಹುಟ್ಟಿದ್ದು. 317 ಎಂಬ ಸಂಖ್ಯೆಯನ್ನು ಯಾರೂ ಎಣಿಸಿಲ್ಲ.

ಮಾರನೆಯ ದಿನ ಕಿಟಕಿಗಳಿಗೆ ಕಲ್ಲು ಬೀಳಲಿಲ್ಲ. ಸುದ್ದಿಸಂಸ್ಥೆ ಕೇಳಲಿಲ್ಲ, ನಲವತ್ತೊಂದು ಪತ್ರಿಕೆಗಳಲ್ಲಿ ಒಂದೂ ಅದನ್ನು ಎತ್ತಿಕೊಳ್ಳಲಿಲ್ಲ. ಫೋನು ಮಾಡಿದವರು ಒಬ್ಬರೇ, ಮಾಳಿಗೆಯ ಮೇಲಿನ ತಜ್ಞರು.

"ನಾಲ್ಕನೇ ಪುಟ ನೋಡಿದೆ. ಪಾಪ, ನಿಮ್ಮ ಮೇಲೆ ಎಷ್ಟು ಒತ್ತಡ ಇರ್ಬೇಕು!"

"ಯಾರ ಒತ್ತಡ ಸರ್?"

"ಇನ್ಯಾರದು? ಆಚೆಯವರದು. ನಿಮ್ಮ ಪತ್ರಿಕೆಯ ಒಳಗೇ ಅವರ ಕೈ ಬಂದಿದೆ ಅಂದ್ರೆ ಗಣಿಯ ವಿಷಯ ನೂರಕ್ಕೆ ನೂರು ನಿಜ ಅಂತಾಯ್ತು. ಕತ್ತರಿಸಿ ಪೆಟ್ಟಿಗೆಯಲ್ಲಿ ಇಟ್ಟಿದೀನಿ. ಇವತ್ತು ಸಂಜೆ ಟಿವಿಯಲ್ಲಿ ಹೇಳ್ತೀನಿ, ನೋಡಿ."

ಟಿವಿ ನೋಡಿದ ಗಡಿಯಾರ ಪತ್ರಿಕೆ ಹಿಡಿದು ಬಂದರು. ಆರು ಸಾಲನ್ನು ಬೆರಳಿಟ್ಟು ಓದಿದರು. ಕತ್ತರಿ ಎದ್ದು ನಿಂತಳು. ಕೆಲಸ ಹೋಯಿತೆಂದೇ ಎಣಿಸಿದ್ದಳು. ಅವರು ಗೋಡೆಯನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ.

"ಅಮ್ಮ ಬಂದ್ರಾ?" ಎಂದರು.

"ನಾಳೆ ಸರ್."

"ನಿನ್ನ ಪಾಡಿಗೆ ಗಾರೆ ಬರೀತೀಯಾ, ಬರಿ. ನಾನು ಗಾರೆ ಓದಲ್ಲ." ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

*

ಅಮ್ಮ ಬಸ್ಸಿಳಿದಾಗ ಹೋಗುವಾಗಿನದಕ್ಕಿಂತ ಭಾರದ ಚೀಲ ಹೊತ್ತಿದ್ದಳು. ಶಾಲು ಇರಲಿಲ್ಲ. ಕತ್ತರಿ ಚೀಲ ತೆಗೆದುಕೊಳ್ಳುವ ಮೊದಲು ಅವಳ ಮುಖ ನೋಡಿದಳು. ಅಲ್ಲಿ ದುಃಖವಿರಲಿಲ್ಲ, ತಂಗಿಯೊಡನೆ ಜಗಳವಾಡಿ ಬಂದ ಅಕ್ಕನ ಗಂಟುಮುಖವಿತ್ತು. ಕತ್ತರಿಗೆ ಆ ಗಂಟುಮುಖವನ್ನು ಮುದ್ದಿಡಬೇಕೆನಿಸಿತು.

"ಇದಾಳೆ," ಎಂದಳು ಅಮ್ಮ. "ಗುಂಡುಕಲ್ಲಿನ ಹಾಗಿದಾಳೆ. ಮಂಡಿ ನೋವು, ಬಾಯಿ ಮಾತ್ರ ಹಾಗೇ ಇದೆ. ನನ್ನ ನೋಡಿದ ಕೂಡಲೇ ಅಳೋಕೆ ಶುರುಮಾಡಿದ್ಲು. ನಾನು ಸಂತೋಷಕ್ಕೆ ಅಂದ್ಕೊಂಡೆ. ಅಲ್ಲ ಕಣೇ! ನಮ್ಮ ದೇಶದಲ್ಲಿ ಬ್ರೆಡ್ಡಿಗೆ ಮರದ ಹೊಟ್ಟು ಬೆರೆಸ್ತಾರಂತೆ, ಅದನ್ನ ತಿಂದು ನಾನೂರ ಇಪ್ಪತ್ತಾರು ಜನ ಆಸ್ಪತ್ರೆ ಸೇರಿದಾರಂತೆ. ಅವಳು ಓದೋ ಪತ್ರಿಕೆಯಲ್ಲಿ ಬಂದಿತ್ತಂತೆ."

ಕತ್ತರಿ ಚೀಲ ಬಿಚ್ಚಿದಳು. ಒಳಗೆ ಹಿಟ್ಟಿನ ಪೊಟ್ಟಣಗಳು, ಒತ್ತೊತ್ತಾಗಿ.

"ನೀನು ಏನಂದೆ?"

"ಎಣಿಸಿದವರು ಯಾರು ಅಂದೆ. ಅವಳಿಗೆ ಸಿಟ್ಟು ಬಂತು. 'ಅಕ್ಕ, ಪತ್ರಿಕೆಯಲ್ಲಿ ಅಚ್ಚಾಗಿದೆ, ನಿಂದೇನು ತಕರಾರು' ಅಂದ್ಲು. ಎರಡು ದಿನ ಮಾತು ಬಿಟ್ವಿ. ಇದ್ದದ್ದೇ ಐದು ದಿನ!"

ಆಚೆಯ ಯಾವುದೋ ಊರಿನ ಯಾವುದೋ ಕಚೇರಿಯಲ್ಲಿ, ಕಿಟಕಿಯ ಕೆಳಗೆ ಯಾವ ಬಣ್ಣದ ಸ್ಕೂಟರು ನಿಂತಿದ್ದೀತು ಎಂದು ಕತ್ತರಿ ಯೋಚಿಸಿದಳು. ಆ ಮನುಷ್ಯನನ್ನು ಒಮ್ಮೆ ನೋಡಬೇಕೆಂಬ ಆಸೆ ಅವಳಿಗೆ ಹಸಿವಿನಷ್ಟೇ ಸ್ಪಷ್ಟವಾಗಿ ಆಯಿತು.

ಮನೆಗೆ ಬಂದ ಮೇಲೆ ಅಮ್ಮ ಕಾಲು ತೊಳೆದು, ಭೂತಗನ್ನಡಿ ಹಿಡಿದು, ನಾಲ್ಕನೆಯ ಪುಟವನ್ನು ಓದಿದಳು. ಎರಡು ಸಲ ಓದಿದಳು.

"ಎಷ್ಟು ಸಾಲು ಇದು?"

"ಆರು."

"ಮೊದಲಿನದ್ದು?"

"ಮುಖಪುಟದಲ್ಲೂ ಒಳಗೂ ಸೇರಿ ನೂರ ಹನ್ನೆರಡು."

"ನೂರ ಆರು ಬಾಕಿ," ಎಂದು ಅಮ್ಮ ಭೂತಗನ್ನಡಿ ಕೆಳಗಿಟ್ಟಳು. ತರಗತಿಯಲ್ಲಿ ಹೇಳುತ್ತಿದ್ದ ದನಿ ಅದೇ. ಬೈಗುಳವಿಲ್ಲ, ರಿಯಾಯಿತಿಯೂ ಇಲ್ಲ.

ಮರುದಿನ ಸಂಜೆ ಗಾರೆ ಮತ್ತೆ ಕೈಯೊರೆಸಿಕೊಳ್ಳುತ್ತ ಬಂದ. "ಐದು ಸಾಲು ತಾಯಿ. ಈ ಸಲ ತಾನಾಗೇ ಬಿದ್ದದ್ದು."

ಕತ್ತರಿ ಮನೆಗೆ ಫೋನು ಮಾಡಿದಳು. "ಅಮ್ಮ, ಅಲ್ಲಿ ನೀನು ಕಣ್ಣಾರೆ ನೋಡಿದ್ದು ಏನಾದ್ರೂ ಹೇಳು. ಚಿಕ್ಕದು."

ಅಮ್ಮ ಯೋಚಿಸಿದಳು. "ಅವಳ ಬೀದಿಯ ಅಂಚೆ ಕಚೇರಿ. ಮೂರನೇ ಮೆಟ್ಟಿಲು ಮುರಿದಿದೆ, ಯಾರೂ ಸರಿಮಾಡಿಸಿಲ್ಲ. ಪಿಂಚಣಿ ತಗೊಂಡು ಇಳಿಯೋ ಮುದುಕರು ಅಲ್ಲಿಗೆ ಬಂದಾಗ ಒಬ್ಬರ ಕೈ ಒಬ್ಬರು ಹಿಡ್ಕೊತಾರೆ. ನಾನು ಹೋದ ದಿನ ಇಪ್ಪತ್ತಮೂರು ಜನ ಇದ್ರು."

"ಎಣಿಸಿದವರು ಯಾರು?"

"ನಾನೇ. ಅವಳು ಇಪ್ಪತ್ತಮೂರನೆಯವಳು. ಇಳಿಯೋವಾಗ ಅವಳ ಕೈ ಹಿಡ್ಕೊಂಡಿದ್ದೂ ನಾನೇ."

ಕತ್ತರಿ ಅದನ್ನು ಐದು ಸಾಲಿಗೆ ಹೊಂದಿಸಿದಳು. 'ಎಂದು ವರದಿಯಾಗಿದೆ' ಎಂದು ಕೊನೆಗೆ ಸೇರಿಸುವ ಅಗತ್ಯ ಬೀಳಲಿಲ್ಲ. ಗಾರೆ ಅದನ್ನು ಹವಾಮಾನದ ಕೆಳಗೆ ಕೂರಿಸಿದ. ನೂರ ಒಂದು ಸಾಲು ಬಾಕಿ ಉಳಿಯಿತು.